ಮಗನಿಗೆ ಅಮ್ಮ ಎದ್ದು ಹನ್ನೊಂದು ದಿನ ಶಾಲೆ ತಪ್ಪಿತು, ಹೆಸರು ತೆಗೆಯುತ್ತಾರಾ?

ದಾವಣಗೆರೆ ನಿಟುವಳ್ಳಿಯ ತಾಯಿಯೊಬ್ಬರ ಪ್ರಶ್ನೆ: "ನನ್ನ ಮಗ ಖಾಸಗಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಕಳೆದ ತಿಂಗಳು ಮೈಮೇಲೆ ಅಮ್ಮ (ಚಿಕನ್‌ಪಾಕ್ಸ್) ಎದ್ದು ಹನ್ನೊಂದು ದಿನ ಶಾಲೆಗೆ ಹೋಗಲಿಲ್ಲ. ಅಮ್ಮ ಬಂದಾಗ ಡಾಕ್ಟರ ಹತ್ತಿರ ಹೋಗಬಾರದು ಅಂತ ನಮ್ಮತ್ತೆ ಬೇವಿನ ಸೊಪ್ಪು ಹಾಸಿ ಮನೆಯಲ್ಲೇ ನೋಡಿಕೊಂಡರು. ಈಗ ಶಾಲೆಯವರು ಮೆಡಿಕಲ್ ಸರ್ಟಿಫಿಕೇಟ್ ತನ್ನಿ, ಇಲ್ಲದಿದ್ದರೆ ದಿನಕ್ಕೆ 50 ರೂಪಾಯಿ ದಂಡ, ಇನ್ನೊಮ್ಮೆ ಹೀಗಾದರೆ ಹೆಸರು ತೆಗೆಯುತ್ತೇವೆ ಅಂತಾರೆ. ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ. ಜಗಳೂರು ಕಡೆ ತವರಲ್ಲಿ ಮೆಕ್ಕೆಜೋಳ ಮುರಿಯೋವಾಗ ಕರಕೊಂಡು ಹೋಗಿದ್ದೆ. ಆಮೇಲೂ ಹೊಟ್ಟೆನೋವು, ಜ್ವರ ಅಂತ ಆಗಾಗ ಬಿಟ್ಟಿದ್ದಾಳೆ. ನವೆಂಬರ್ ಕೊನೆಗೆ 31 ದಿನ ಆಗಿದೆಯಂತೆ. ಹಾಲ್ ಟಿಕೆಟ್ ಕೊಡಲ್ವಾ? ಸಣ್ಣ ನೆಗಡಿ ಕೆಮ್ಮಿಗೂ ಮಕ್ಕಳನ್ನು ಮನೇಲಿ ಇಟ್ಕೋಬೇಕಾ?"

ತಂಗಿ, ನಿಮ್ಮ ನಿದ್ದೆ ಕೆಡಿಸಿರುವುದು ಹೆಸರು ತೆಗೆಯುವ ಮಾತು. ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ನಿಮ್ಮ ಮಗನ ಹೆಸರು ತೆಗೆಯಲು ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರಲ್ಲಿ ಅದೇ ಸೆಕ್ಷನ್ನಿಗೆ ತಿದ್ದುಪಡಿ ಬಂತು. ಐದು ಮತ್ತು ಎಂಟನೇ ತರಗತಿಗೆ ಪರೀಕ್ಷೆ ಇಡಬಹುದು, ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಟ್ಟ ಮೇಲೂ ಪಾಸಾಗದವರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಬಹುದು ಎಂದು ರಾಜ್ಯಗಳಿಗೆ ಬಿಟ್ಟುಕೊಟ್ಟರು. ಹೊರಹಾಕಬಾರದು ಎಂಬ ಮಾತು ಮಾತ್ರ ಹಾಗೇ ಉಳಿಯಿತು. ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳು ಮಾತ್ರ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಈ ಕಾಯ್ದೆಯಿಂದ ಹೊರಗಿವೆ. ನಿಮ್ಮ ಮಗನ ಶಾಲೆ ಅಂಥದ್ದೋ ಅಲ್ಲವೋ ಕೇಳಿ ತಿಳಿದುಕೊಳ್ಳಿ.

ದಂಡ ಕೇಳಿದರೆ ಜಗಳಕ್ಕೆ ನಿಲ್ಲಬೇಡಿ. "ಈ ನಿಯಮ ಎಲ್ಲಿ ಬರೆದಿದೆ ತೋರಿಸಿ, ಕಟ್ಟಿದರೆ ರಸೀದಿ ಕೊಡಿ" ಎಂದು ಮೆಲ್ಲಗೆ ಕೇಳಿ. ಬರವಣಿಗೆಯಲ್ಲಿ ಕೊಡಲು ಹಿಂದೆಮುಂದೆ ನೋಡಿದರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಅರ್ಜಿ ಕೊಡಿ. ದಾವಣಗೆರೆಯಲ್ಲಿ ಉತ್ತರ ವಲಯ, ದಕ್ಷಿಣ ವಲಯ ಅಂತ ಎರಡು ಬಿಇಓ ಕಚೇರಿಗಳಿವೆ. ನಿಮ್ಮ ಶಾಲೆ ಯಾವುದಕ್ಕೆ ಸೇರುತ್ತದೆ ಎಂದು ವಿಚಾರಿಸಿ ಹೋಗಿ. ಇನ್ನೊಂದು ಮಾತು. ರಜೆ ಹಾಕಿದ್ದಕ್ಕೆ ಮಗುವನ್ನು ತರಗತಿಯ ಹೊರಗೆ ನಿಲ್ಲಿಸಿದರೆ, ಎಲ್ಲರೆದುರು ಹೀಯಾಳಿಸಿದರೆ, ಅದು 17ನೇ ಸೆಕ್ಷನ್ನಿನಲ್ಲಿ ನಿಷೇಧಿಸಿದ ಮಾನಸಿಕ ಹಿಂಸೆ. ಮಗ ಮನೆಗೆ ಬಂದು ಅಂಥದ್ದೇನಾದರೂ ಹೇಳಿದರೆ ಕೇಳಿ ಸುಮ್ಮನಾಗಬೇಡಿ.

ಇಷ್ಟು ನಿಮ್ಮ ಕಡೆಯ ಮಾತು. ಇನ್ನು ಶಾಲೆಯ ಕಡೆಯದ್ದೂ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹನ್ನೊಂದು ದಿನದಲ್ಲಿ ಒಂದು ದಿನವಾದರೂ ಶಾಲೆಗೆ ಫೋನ್ ಮಾಡಿದಿರಾ, ಪಕ್ಕದ ಮನೆ ಹುಡುಗನ ಕೈಲಿ ಚೀಟಿ ಕಳಿಸಿದಿರಾ, ಅದು ಎಲ್ಲೂ ಇಲ್ಲ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಪುಸ್ತಕ ಬರೆದವಳು, ಅದರಲ್ಲಿ ಹನ್ನೆರಡು ವರ್ಷ ಮುಖ್ಯ ಶಿಕ್ಷಕಿ. ಬೆಳಿಗ್ಗೆ ಒಂದು ಗುರುತು, ಊಟದ ನಂತರ ಒಂದು ಗುರುತು. ಬಾರದ ಮಗುವಿನ ಎದುರು ಕೆಂಪು ಶಾಯಿಯಲ್ಲಿ "ಗೈ" ಬರೆಯುತ್ತಿದ್ದೆ. ಗೈರು ಎಂಬುದರ ಮೊದಲ ಅಕ್ಷರ. ಮೂರು ದಿನ ಸಾಲಾಗಿ ಗೈ, ಗೈ, ಗೈ ಬಿದ್ದರೆ ಟೀಚರಿಗೆ ತಳಮಳ ಶುರುವಾಗುತ್ತದೆ. ಏನಾಯಿತು ಮಗುವಿಗೆ? ಊರು ಬಿಟ್ಟರಾ? ಕೆಲಸಕ್ಕೆ ಹಾಕಿದರಾ? ತಾಯಿ ಒಂದು ಮಾತು ತಿಳಿಸಿದರೆ ಪುಸ್ತಕದ ಅದೇ ಚೌಕದ ಎದುರು ಸಣ್ಣಗೆ "ಅಮ್ಮ ಎದ್ದಿದೆ, ತಾಯಿ ತಿಳಿಸಿದ್ದಾರೆ" ಎಂದು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೆ. ವರ್ಷದ ಕೊನೆಗೆ ಯಾರಾದರೂ ಕೇಳಿದರೆ ಆ ಪೆನ್ಸಿಲಿನ ಸಾಲೇ ಮಗುವಿನ ಪರ ಸಾಕ್ಷಿ.

ರಜೆ ಚೀಟಿಗೆ ಚಂದದ ಭಾಷೆ ಬೇಕಿಲ್ಲ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದೆಲ್ಲ ಬರೆಯುವ ಅಗತ್ಯವಿಲ್ಲ. ಒಮ್ಮೆ ಒಬ್ಬ ತಾಯಿ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಮಗಳ ಕೈಲೇ ಬರೆಸಿದ್ದರು: "ಟೀಚರ್, ನನಗೆ ಜ್ವರ. ಇವತ್ತು ಬರಲ್ಲ. ನಾಳೆ ಕಡಿಮೆ ಆದ್ರೆ ಬರ್ತೀನಿ." ಕೆಳಗೆ ತಾಯಿಯ ಹೆಬ್ಬೆಟ್ಟು. ಬೇಕಾದ್ದೆಲ್ಲ ಅದರಲ್ಲಿತ್ತು: ಯಾರಿಗೆ, ಏನು, ಎಂದಿನಿಂದ, ಯಾವಾಗ ಬರುತ್ತಾಳೆ. ನೀವು ವಾಟ್ಸಾಪಿನಲ್ಲಿ ಇಷ್ಟೇ ಬರೆದು, ಮಗ ಶಾಲೆಗೆ ಹೋಗುವ ದಿನ ಅದನ್ನೇ ಡೈರಿಯಲ್ಲಿ ಬರೆದು ಸಹಿ ಮಾಡಿ ಕಳಿಸಿದರೆ ಸಾಕು.

ಅದರಲ್ಲೂ ಅಮ್ಮ ಎದ್ದಾಗ ತಿಳಿಸದೆ ಇರಬಾರದು. ನೀವು ಅಮ್ಮ ಎನ್ನುವುದನ್ನು ಡಾಕ್ಟರು ಚಿಕನ್‌ಪಾಕ್ಸ್ ಎನ್ನುತ್ತಾರೆ. ಗುಳ್ಳೆ ಕಾಣಿಸುವುದಕ್ಕೆ ಒಂದೆರಡು ದಿನ ಮೊದಲೇ ಅದು ಒಬ್ಬರಿಂದ ಒಬ್ಬರಿಗೆ ಹರಡಲು ಶುರುವಾಗಿರುತ್ತದೆ. ಅಂದರೆ ನಿಮ್ಮ ಮಗ ಚೆನ್ನಾಗಿ ಆಡಿಕೊಂಡು ಶಾಲೆಗೆ ಹೋದ ಆ ಕೊನೆಯ ದಿನವೇ ಪಕ್ಕದ ಬೆಂಚಿನ ಮಗುವಿಗೆ ತಗಲಿರಬಹುದು. ತಗಲಿದವರಲ್ಲಿ ಅದು 10ರಿಂದ 21 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಪರೀಕ್ಷೆ ಹತ್ತಿರ ಬಂತೆಂದು ಒಬ್ಬ ಹುಡುಗನನ್ನು ಗುಳ್ಳೆ ಹಸಿಯಿರುವಾಗಲೇ ತುಂಬುತೋಳಿನ ಅಂಗಿ ಹಾಕಿ ಕಳಿಸಿದ್ದರು. ಯಾರಿಗೂ ಹೇಳಿರಲಿಲ್ಲ. ಮೂರು ವಾರದಲ್ಲಿ ಅದೇ ತರಗತಿಯ ಎಂಟು ಮಕ್ಕಳು ಮಲಗಿದರು. ಆ ತರಗತಿಯ ಟೀಚರ್ ಆಗ ನಾಲ್ಕು ತಿಂಗಳ ಬಸುರಿ, ಚಿಕ್ಕಂದಿನಲ್ಲಿ ಅವರಿಗೆ ಅಮ್ಮ ಆಗಿರಲಿಲ್ಲ. ದೇವರ ದಯೆ, ಅವರಿಗೆ ತಗಲಲಿಲ್ಲ. ಆದರೆ ಆ ಮೂರು ವಾರ ಅವರು ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಮೈಕೈ ನೋಡಿಕೊಳ್ಳುತ್ತಿದ್ದುದನ್ನು ನನಗೆ ಈಗಲೂ ಮರೆಯಲಾಗಿಲ್ಲ. ಬಸುರಿಯರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಈ ಕಾಯಿಲೆ ಪ್ರಾಣಕ್ಕೇ ಬರಬಹುದು. ಮೊದಲೇ ತಿಳಿದರೆ ಅವರು ಡಾಕ್ಟರನ್ನು ಕಂಡು ಎಚ್ಚರ ವಹಿಸುತ್ತಾರೆ.

ನಿಮ್ಮ ಅತ್ತೆಯವರನ್ನು ಬೈಯಬೇಡಿ. ಬೇವಿನ ಸೊಪ್ಪು ಹಾಸಿ, ಮಗುವನ್ನು ಒಂದು ಕೋಣೆಯಲ್ಲಿ ತಂಪಾಗಿ ಮಲಗಿಸಿ, ಹೊರಗಿನವರನ್ನು ಒಳಗೆ ಬಿಡದೆ, ನೀರು ಹಾಕುವ ದಿನದ ತನಕ ಕಾದಿದ್ದು ಮಗುವನ್ನು ಬೇರೆ ಇಡುವ ಹಳೆಯ ಕ್ರಮವೇ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆಗಟ್ಟುವ ತನಕ ಮನೆಯಲ್ಲಿರಬೇಕು ಎಂದು ಡಾಕ್ಟರೂ ಹೇಳುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಐದಾರು ದಿನ, ಕೆಲವರಿಗೆ ಇನ್ನೂ ಹೆಚ್ಚು. ಆದರೆ ಡಾಕ್ಟರ ಹತ್ತಿರ ಹೋಗಬಾರದು ಎಂಬುದನ್ನು ನಾನು ಒಪ್ಪುವುದಿಲ್ಲ. ಜ್ವರ ಇಳಿಯದಿದ್ದರೆ, ಉಸಿರು ಏರಿದರೆ, ಗುಳ್ಳೆ ಕೀವಾದರೆ, ಮಗು ಮಂಕಾಗಿ ಮಲಗೇ ಇದ್ದರೆ ಅಂದೇ ತೋರಿಸಬೇಕು. ಆಸ್ಪಿರಿನ್ ಮಾತ್ರೆಯನ್ನಂತೂ ಈ ಕಾಯಿಲೆಯಲ್ಲಿ ಮಕ್ಕಳಿಗೆ ಕೊಡಲೇಬಾರದು. ಚಿಕನ್‌ಪಾಕ್ಸಿಗೆ ಲಸಿಕೆಯೂ ಇದೆ. ಸರ್ಕಾರದ ಉಚಿತ ಪಟ್ಟಿಯಲ್ಲಿ ಇಲ್ಲ, ಮಕ್ಕಳ ಡಾಕ್ಟರು ದುಡ್ಡಿಗೆ ಹಾಕುತ್ತಾರೆ.

ಸರ್ಟಿಫಿಕೇಟಿನ ವಿಷಯಕ್ಕೆ ಬರೋಣ. ಕಾಯಿಲೆ ಹೋದ ಮೇಲೆ ಹಿಂದಿನ ತಾರೀಖು ಹಾಕಿ ಕೊಡಿ ಎಂದು ಯಾವ ಡಾಕ್ಟರನ್ನೂ ಕೇಳಬೇಡಿ, ಅದು ಸುಳ್ಳು ದಾಖಲೆ. ಅದರ ಬದಲು ಮಗನನ್ನು ಕರೆದುಕೊಂಡು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೋ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೋ ಹೋಗಿ. ಚಿಕನ್‌ಪಾಕ್ಸಿನ ಕಲೆ ಕೆಲವು ವಾರ ಮೈಮೇಲೆ ಇರುತ್ತದೆ. ಅದನ್ನು ನೋಡಿ "ಈ ಮಗುವಿಗೆ ಇತ್ತೀಚೆಗೆ ಚಿಕನ್‌ಪಾಕ್ಸ್ ಆಗಿತ್ತು, ಈಗ ಶಾಲೆಗೆ ಹೋಗಬಹುದು" ಎಂದು ಇವತ್ತಿನ ತಾರೀಖಿನಲ್ಲೇ ಬರೆದುಕೊಡಲು ಡಾಕ್ಟರಿಗೆ ತೊಂದರೆಯಿಲ್ಲ. ಶಾಲೆಗೆ ನಿಜಕ್ಕೂ ಬೇಕಾಗಿರುವುದು ಮಗು ಈಗ ಬೇರೆ ಮಕ್ಕಳ ಜೊತೆ ಕೂರಬಹುದು ಎಂಬ ಮಾತು. ಒಂದೆರಡು ದಿನದ ನೆಗಡಿ ಜ್ವರಕ್ಕೆ ಇಂಥ ಕಾಗದ ಕೇಳುವುದು ಸರಿಯಲ್ಲ. ಡಾಕ್ಟರಿಗೆ ಕೊಡುವ ಇನ್ನೂರು ಮುನ್ನೂರು ರೂಪಾಯಿ ಕೂಲಿ ಮಾಡುವ ಮನೆಗೆ ಒಂದು ದಿನದ ಅರ್ಧ ದುಡಿಮೆ. ನಾನು ಮುಖ್ಯ ಶಿಕ್ಷಕಿಯಾಗಿದ್ದಾಗ ತಾಯಿಯ ಚೀಟಿಯನ್ನೇ ಒಪ್ಪಿಕೊಳ್ಳುತ್ತಿದ್ದೆ.

ಇನ್ನು ಯಾವ ಕಾಯಿಲೆಗೆ ಎಷ್ಟು ದಿನ ಎಂಬುದು. ದಡಾರಕ್ಕೆ ನಮ್ಮ ಕಡೆ ಗೊಬ್ಬರ ಅಂತಾರಲ್ಲ, ಅದಕ್ಕೆ ಮೈಮೇಲೆ ಕೆಂಪು ದದ್ದು ಎದ್ದ ದಿನದಿಂದ ನಾಲ್ಕು ದಿನ. ಮಂಗನಬಾವಿಗೆ ಕೆನ್ನೆ ಊದಿದ ದಿನದಿಂದ ಐದು ದಿನ. ಒಂಬತ್ತು ತಿಂಗಳಿಗೆ, ಒಂದೂವರೆ ವರ್ಷಕ್ಕೆ ಸರ್ಕಾರ ಹಾಕುವ ಲಸಿಕೆಯಲ್ಲಿ ದಡಾರ, ರುಬೆಲ್ಲಾ ಇದೆ, ಮಂಗನಬಾವು ಇಲ್ಲ. "ಎಲ್ಲಾ ಇಂಜೆಕ್ಷನ್ ಹಾಕಿಸಿದ್ದೆ, ಹೆಂಗೆ ಬಂತು" ಎಂದು ತಾಯಂದಿರು ಕೇಳುವುದು ಇದಕ್ಕೇ. ವಾಂತಿ ಭೇದಿ ಆದರೆ ಪೂರ್ತಿ ನಿಂತ ಮೇಲೆ ಎರಡು ದಿನ ಮನೆಯಲ್ಲಿರಲಿ. ಬಿಸಿಯೂಟದ ತಟ್ಟೆ, ನಲ್ಲಿ, ಶೌಚಾಲಯ ಎಲ್ಲ ಮಕ್ಕಳೂ ಹಂಚಿಕೊಳ್ಳುವ ಕಡೆ ಅದು ಬೇಗ ಹರಡುತ್ತದೆ. ಕಜ್ಜಿಗೆ ಮುಲಾಮು ಹಚ್ಚಿ ಒಂದು ರಾತ್ರಿ ಕಳೆದರೆ ಮರುದಿನ ಕಳಿಸಬಹುದು, ಆದರೆ ಮನೆಮಂದಿಯೆಲ್ಲ ಒಟ್ಟಿಗೇ ಹಚ್ಚಿಕೊಳ್ಳಬೇಕು. ತಲೆಯಲ್ಲಿ ಹೇನಾಗಿದೆ ಎಂದು ಒಂದು ದಿನವೂ ಶಾಲೆ ಬಿಡಿಸಬೇಡಿ. ಹೇನಿನ ನೆಪಕ್ಕೆ ಹುಡುಗಿಯರನ್ನು ಮನೆಗೆ ಕಳಿಸುವ ಶಾಲೆಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಬರೀ ಮೂಗು ಸೋರುತ್ತಿದೆ, ಸ್ವಲ್ಪ ಕೆಮ್ಮಿದೆ, ಆದರೆ ಮಗು ಉಂಡು ಆಡಿಕೊಂಡಿದೆ ಅಂದರೆ ಕಳಿಸಿ. ಕರವಸ್ತ್ರ ಕೊಟ್ಟು ಕಳಿಸಿ. ಜ್ವರ ಬಂದಾಗ ಕಳಿಸಬೇಡಿ. ಇಲ್ಲೇ ಬಹಳ ತಾಯಂದಿರು ಎಡವುವುದು. ಬೆಳಿಗ್ಗೆ ಏಳಕ್ಕೆ ಪ್ಯಾರಾಸಿಟಮಾಲ್ ಸಿರಪ್ಪು ಕುಡಿಸುತ್ತಾರೆ, ಮೈ ತಣ್ಣಗಾಗುತ್ತದೆ, ಕಳಿಸುತ್ತಾರೆ. ಅದರ ಕಸುವು ನಾಲ್ಕರಿಂದ ಆರು ಗಂಟೆ. ಸರಿಯಾಗಿ ಊಟದ ಬೆಲ್ಲು ಹೊಡೆಯುವ ಹೊತ್ತಿಗೆ ಮಗು ಬೆಂಚಿನ ಮೇಲೆ ತಲೆಯಿಟ್ಟು ನಡುಗುತ್ತಿರುತ್ತದೆ. ಅಪ್ಪನಿಗೆ ಫೋನ್ ಮಾಡಿದರೆ ಅವರು ರೈಸ್‌ಮಿಲ್ಲಿನಲ್ಲಿ, ಅಮ್ಮನ ಫೋನು ಸ್ವಿಚ್ ಆಫ್. ಔಷಧಿ ಹಾಕದೆಯೂ 24 ಗಂಟೆ ಜ್ವರವಿಲ್ಲ ಅಂದರೆ ಕಳಿಸಿ, ಅಲ್ಲಿವರೆಗೆ ಬೇಡ.

ಮಳೆಗಾಲದಲ್ಲಂತೂ ಜ್ವರದ ಮಗುವಿನ ಮೇಲೆ ಕಣ್ಣಿಟ್ಟಿರಿ. ಡೆಂಗಿ ಒಬ್ಬರಿಂದ ಒಬ್ಬರಿಗೆ ನೇರವಾಗಿ ಅಂಟುವುದಿಲ್ಲ, ಹಗಲು ಕಚ್ಚುವ ಸೊಳ್ಳೆಯಿಂದ ಬರುತ್ತದೆ. ಅದರ ಅಪಾಯ ಜ್ವರ ಇಳಿಯುವ ಹೊತ್ತಿನಲ್ಲಿ, ಮೂರನೇ ದಿನದಿಂದ ಏಳನೇ ದಿನದೊಳಗೆ. ಜ್ವರ ಬಿಟ್ಟಿತಲ್ಲ ಎಂದು ಶಾಲೆಗೆ ಕಳಿಸುವ ದಿನವೇ ಹೊಟ್ಟೆ ಹಿಡಿದುಕೊಂಡು ನೋಯುವುದು, ಬಿಡದೆ ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು ಶುರುವಾಗಬಹುದು. ಹಾಗಾದರೆ ಶಾಲೆಯೂ ಬೇಡ, ಮನೆಯೂ ಬೇಡ, ಸೀದಾ ಆಸ್ಪತ್ರೆ.

ಈಗ ನಿಮ್ಮ ಮಗಳು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಾತಿ ಬೇಕು. ಸಿಬಿಎಸ್‌ಇ ಶಾಲೆಗಳಲ್ಲೂ ಅಷ್ಟೇ. ಶಾಲೆ ವರ್ಷಕ್ಕೆ 220 ದಿನ ನಡೆಯುತ್ತದೆ ಎಂದಿಟ್ಟುಕೊಂಡರೆ ಅವಳು 165 ದಿನ ಹೋಗಿರಬೇಕು, 55 ದಿನ ತಪ್ಪಿದರೂ ನಡೆಯುತ್ತದೆ. 31 ಆಗಿದೆ, 24 ಉಳಿದಿದೆ. ನಿಮ್ಮ ಶಾಲೆಯ ಕೆಲಸದ ದಿನಗಳ ಸರಿಯಾದ ಲೆಕ್ಕ ಮುಖ್ಯ ಶಿಕ್ಷಕರ ಹತ್ತಿರ ಇರುತ್ತದೆ, ಕೇಳಿ ಬರೆದುಕೊಳ್ಳಿ. ಹಾಲ್ ಟಿಕೆಟ್ಟಿನ ಭಯ ಇವತ್ತಿಗಿಲ್ಲ. ಆದರೆ 24 ದಿನ ಬಾಕಿ ಇದೆಯಲ್ಲ ಎಂದು ಖರ್ಚು ಮಾಡಬೇಡಿ. ಜನವರಿಯಲ್ಲಿ ಅವಳಿಗೆ ಟೈಫಾಯಿಡೋ ಕಾಮಾಲೆಯೋ ಬಂದರೆ ಆಗ ಬೇಕಾಗುವುದು ಈ ದಿನಗಳೇ. ಅಂಥ ದೊಡ್ಡ ಕಾಯಿಲೆ ಬಂದರೆ ಆಸ್ಪತ್ರೆಯ ಚೀಟಿ, ರಕ್ತಪರೀಕ್ಷೆಯ ವರದಿ, ಡಿಸ್ಚಾರ್ಜ್ ಕಾಗದ ಎಲ್ಲವನ್ನೂ ಒಂದು ಕವರಿನಲ್ಲಿ ಇಟ್ಟುಕೊಂಡು, ಕಾಯಿಲೆ ನಡೆಯುತ್ತಿರುವಾಗಲೇ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಡಿ. ಮಾರ್ಚಿನಲ್ಲಿ ಅಳುತ್ತಾ ಬರುವ ತಂದೆತಾಯಿಗೆ ಸಹಾಯ ಮಾಡಬೇಕೆಂದಿದ್ದರೂ ಶಿಕ್ಷಕರ ಕೈಯಲ್ಲಿ ಏನೂ ಇರುವುದಿಲ್ಲ.

ಮೆಕ್ಕೆಜೋಳದ ಕೆಲಸಕ್ಕೆ ಕರೆದುಕೊಂಡು ಹೋದದ್ದು ನನಗೆ ನೋವಾಯಿತು, ಆದರೆ ಆಶ್ಚರ್ಯವಾಗಲಿಲ್ಲ. ಅಕ್ಟೋಬರ್ ನವೆಂಬರ್ ಬಂದರೆ ಜಗಳೂರು, ಹೊಳಲ್ಕೆರೆ ಕಡೆಯ ಶಾಲೆಗಳಲ್ಲಿ ಹಿಂದಿನ ಬೆಂಚು ಖಾಲಿ. ಆಳು ಸಿಗುವುದಿಲ್ಲ, ಮಳೆ ಬಂದರೆ ತೆನೆ ಮೊಳಕೆಯೊಡೆಯುತ್ತದೆ, ನಿಮ್ಮ ತವರಿನವರ ಕಷ್ಟ ನನಗೆ ಗೊತ್ತು. ಇನ್ನು ಮುಂದೆ ಶನಿವಾರ ಮಧ್ಯಾಹ್ನ ಹೋಗಿ ಭಾನುವಾರ ರಾತ್ರಿ ಬನ್ನಿ. ಹದಿನಾಲ್ಕು ತುಂಬದ ಮಗುವನ್ನು ಕೆಲಸಕ್ಕೆ ಹಚ್ಚುವುದು ಕಾನೂನಿಗೂ ವಿರುದ್ಧ; ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ ಮನೆಯವರ ಕೆಲಸಕ್ಕೂ ಶಾಲೆ ಬಿಟ್ಟ ಮೇಲೆ, ರಜೆಯ ದಿನ ಮಾತ್ರ ನೆರವಾಗಬಹುದು. ಮಗನ ವಿಷಯದಲ್ಲಿ ಇದನ್ನು ನೆನಪಿಡಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗಲೂ ಅಷ್ಟೇ. ಮನೆತುಂಬ ನೆಂಟರು, ಮಗು ಒಂದು ದಿನ ಉಳಿದರೆ ಯಾರೂ ಬೇಡವೆನ್ನುವುದಿಲ್ಲ, ವಾರಗಟ್ಟಲೆ ಬೇಡ. ಕಬ್ಬು ಕಡಿಯಲು, ಕಾಫಿ ಕೊಯ್ಲಿಗೆ ಮಕ್ಕಳ ಸಮೇತ ಊರು ಬಿಟ್ಟು ಹೋಗುವ ಮನೆಗಳು ನಿಮ್ಮ ಬಳಗದಲ್ಲಿದ್ದರೆ ಹೇಳಿ: ಹೋದ ಊರಿನ ಸರ್ಕಾರಿ ಶಾಲೆ ಟಿಸಿ ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ.

ನನಗೆ ಹೆಚ್ಚು ಚಿಂತೆ ಹಿಡಿಸಿದ್ದು "ಹೊಟ್ಟೆನೋವು, ಆಗಾಗ" ಎಂಬ ನಿಮ್ಮ ಮಾತು. ಆ 31 ದಿನದ ತಾರೀಖುಗಳನ್ನು ಕ್ಲಾಸ್ ಟೀಚರ ಹತ್ತಿರ ಕೇಳಿ ತಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ ನೋಡಿ. ತಿಂಗಳಿಗೊಮ್ಮೆ ಎರಡು ಮೂರು ದಿನ ಒಟ್ಟಿಗೆ ಬಿದ್ದಿದ್ದರೆ ಅದು ಮುಟ್ಟಿನ ನೋವು, ಇಲ್ಲವೇ ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಎಷ್ಟೋ ಹುಡುಗಿಯರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೊಟ್ಟೆನೋವು ಅಂತ ಮಲಗುತ್ತಾರೆ. ನೋವು ವಿಪರೀತವಾದರೆ ಡಾಕ್ಟರಿಗೆ ತೋರಿಸಿ. ಶೌಚಾಲಯದ ತೊಂದರೆಯಾದರೆ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಅಭಿವೃದ್ಧಿ ಮೇಲುಸ್ತುವಾರಿ ಸಮಿತಿಯಲ್ಲಿ ಹೇಳಿ, ಒಬ್ಬರೇ ಹೇಳಲು ಸಂಕೋಚವಾದರೆ ಇನ್ನಿಬ್ಬರು ತಾಯಂದಿರನ್ನು ಕರೆದುಕೊಂಡು ಹೋಗಿ. ಮುಖ ಬಿಳಿಚಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ ರಕ್ತಹೀನತೆ ಇರಬಹುದು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ನುಂಗುತ್ತಾಳಾ ಕೇಳಿ. ಎಷ್ಟೋ ಮಕ್ಕಳು ಬಾಯಲ್ಲಿಟ್ಟುಕೊಂಡು ಹೊರಗೆ ಹೋಗಿ ಉಗುಳುತ್ತಾರೆ.

ಸೋಮವಾರಗಳೇ ಹೆಚ್ಚಿದ್ದರೆ, ಅಥವಾ ಒಂದೇ ವಿಷಯದ ಪಾಠ ಇರುವ ದಿನಗಳೇ ಇದ್ದರೆ, ಅವಳಿಗೆ ಶಾಲೆಯಲ್ಲಿ ಯಾವುದೋ ಒಂದರ ಭಯವಿದೆ. ಗಣಿತವಿರಬಹುದು, ದಾರಿಯಲ್ಲಿ ಕಾಡುವ ಯಾವನೋ ಹುಡುಗನಿರಬಹುದು. ಅಪ್ಪ ಮನೆಯಲ್ಲಿಲ್ಲದ ಹೊತ್ತಿನಲ್ಲಿ, ತಲೆ ಬಾಚುತ್ತಾ ಕೇಳಿ. ಎದುರು ಕೂರಿಸಿಕೊಂಡು ಕೇಳಿದರೆ ಹದಿನೈದರ ಹುಡುಗಿ ಹೇಳುವುದಿಲ್ಲ, ಬೆನ್ನು ತಿರುಗಿಸಿ ಕೂತಾಗ ಹೇಳುತ್ತಾಳೆ.

ಎಸ್ಸೆಸ್ಸೆಲ್ಸಿ ಹುಡುಗಿ ದಿನಗಟ್ಟಲೆ ಬಾರದಿದ್ದರೆ ಟೀಚರ್ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅನುಮಾನ ಪಡುತ್ತಾರೆ ಎಂದುಕೊಳ್ಳಬೇಡಿ. ಒಮ್ಮೆ "ಕಾಮಾಲೆ, ಹದಿನೈದು ದಿನ ರಜೆ" ಎಂಬ ಚೀಟಿಯನ್ನು ನಂಬಿ ನಾನು ವಿಚಾರಿಸದೆ ಉಳಿದೆ. ಹದಿನಾರನೇ ದಿನ ಆ ಹುಡುಗಿಯ ಗೆಳತಿ ಬಂದು ಹೇಳಿದಳು, ಮದುವೆಯಾಗಿ ಹೋಗಿತ್ತು. ಆಮೇಲೆ ಎಷ್ಟು ಓಡಾಡಿದರೂ ಅವಳು ಮತ್ತೆ ಶಾಲೆಗೆ ಬರಲಿಲ್ಲ. ಅಂದಿನಿಂದ ಮೂರನೇ ಗೈ ಬಿದ್ದ ಸಂಜೆಯೇ ನಾನು ಮನೆ ಹುಡುಕಿಕೊಂಡು ಹೋಗುತ್ತಿದ್ದೆ.

ಚಿಲ್ಲರೆ ರಜೆಗಳ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ, ಮಗನಿಗಾಗಿ. ತಿಂಗಳಿಗೆ ಎರಡೇ ದಿನ ಬಿಟ್ಟರೂ ಹತ್ತು ತಿಂಗಳಿಗೆ ಇಪ್ಪತ್ತು ದಿನ. ಒಂದರಿಂದ ಏಳನೇ ತರಗತಿಯ ತನಕ ಹೀಗೇ ನಡೆದರೆ 140 ದಿನ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ ಪಾಠ ನಡೆಯಬೇಕೆಂದು ಹೇಳುತ್ತದೆ. ಹಾಗೆ ನೋಡಿದರೆ ಮುಕ್ಕಾಲು ವರ್ಷದ ಹತ್ತಿರ ಹತ್ತಿರ ಪಾಠ ಹೋಯಿತು. ಅಮ್ಮ ಎದ್ದು ಹೋದ ಹನ್ನೊಂದು ದಿನವನ್ನು ನಿಮ್ಮ ಮಗ ಎರಡು ವಾರದಲ್ಲಿ ತುಂಬಿಕೊಳ್ಳುತ್ತಾನೆ. ಯಾರ ಗಮನಕ್ಕೂ ಬಾರದೆ ಆಗೊಂದು ಈಗೊಂದು ಹೋಗುವ ದಿನಗಳನ್ನು ತುಂಬುವುದು ಕಷ್ಟ, ಭಾಗಾಕಾರ ಶುರುವಾದ ದಿನ ಅವನಿರಲಿಲ್ಲ ಎಂಬುದು ಟೀಚರಿಗೂ ನೆನಪಿರುವುದಿಲ್ಲ.

ಸೋಮವಾರ ಡಾಕ್ಟರ ಕಾಗದ ತೆಗೆದುಕೊಂಡು ಮಂಗಳವಾರ ಶಾಲೆಗೆ ಹೋಗಿ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಬೇಡ, ಊಟದ ಬಿಡುವಿನಲ್ಲಿ ಹೋಗಿ, ಆಗ ಟೀಚರ್ ನಿಂತು ಮಾತಾಡುತ್ತಾರೆ. ಕಾಗದ ಕೊಟ್ಟು, "ತಿಳಿಸದೆ ಇದ್ದದ್ದು ತಪ್ಪಾಯ್ತು ಮಿಸ್, ಇನ್ನು ಮುಂದೆ ಅವತ್ತಿನ ದಿನವೇ ಹೇಳ್ತೀನಿ" ಎನ್ನಿ. ದಂಡದ ಮಾತು ಅವರು ಎತ್ತಿದರೆ ಮಾತ್ರ ನೀವು ಎತ್ತಿ. ಬರುವಾಗ ಅವನು ಬಿಟ್ಟ ಹನ್ನೊಂದು ದಿನದಲ್ಲಿ ಯಾವ ಯಾವ ಪಾಠ ಆಗಿದೆ ಕೇಳಿ, ಕ್ಲಾಸಿನ ಒಬ್ಬ ಮಗುವಿನ ನೋಟ್ಸು ಇಸಕೊಂಡು ಬನ್ನಿ. ಟೀಚರ ಫೋನ್ ನಂಬರನ್ನು ಅತ್ತೆಯವರ ಫೋನಿನಲ್ಲೂ ಹಾಕಿಡಿ.